ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ ಎಷ್ಟು?

ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿಯಲ್ಲಿ ಓದುತ್ತಿದ್ದಾಳೆ. ಸ್ಕೇಲ್ ಚಿತ್ರ ಮತ್ತು ಮಾದರಿಗಳ ಮೇಲಿನ ಲೆಕ್ಕಗಳಲ್ಲಿ ಎಲ್ಲಿ ಗುಣಿಸಬೇಕು, ಎಲ್ಲಿ ಭಾಗಿಸಬೇಕು ಎಂಬುದು ಅವಳಿಗೆ ಪ್ರತಿ ಸಲವೂ ಗೊಂದಲ. ‘1:200 ಸ್ಕೇಲಿನ ನಕ್ಷೆಯಲ್ಲಿ ಒಂದು ಕೋಣೆಯ ವಿಸ್ತೀರ್ಣ 6 ಚದರ ಸೆಂ.ಮೀ. ಇದ್ದರೆ ಕೋಣೆಯ ನಿಜವಾದ ವಿಸ್ತೀರ್ಣವೆಷ್ಟು?’ ಎಂಬ ಲೆಕ್ಕಕ್ಕೆ 12 ಚದರ ಮೀಟರ್ ಎಂದು ಬರೆದಳು. ಪುಸ್ತಕದ ಹಿಂದೆ ಕೊಟ್ಟಿರುವ ಉತ್ತರ 24. ಏಕೆಂದು ವಿವರಿಸಲು ನನಗೂ ಆಗಲಿಲ್ಲ. ಇದಲ್ಲದೆ ಶಾಲೆಯ ವಸ್ತುಪ್ರದರ್ಶನಕ್ಕೆ ಅವಳು ಗೋಳಗುಮ್ಮಟದ ಮಾದರಿ ಮಾಡಬೇಕಾಗಿದೆ. ನಮ್ಮಲ್ಲಿ 60 ಸೆಂ.ಮೀ. ಅಗಲದ ಚೌಕಾಕಾರದ ಹಲಗೆ ಇದೆ. ಯಾವ ಸ್ಕೇಲ್ ಆರಿಸಬೇಕು? — ಒಬ್ಬ ತಾಯಿ, ಬಾಗಲಕೋಟೆ

ಉತ್ತರ: ನಿಮ್ಮ ಮಗಳ ಉತ್ತರ ತಪ್ಪು, ಆದರೆ ಲೆಕ್ಕವನ್ನು ಅವಳು ಅರ್ಧದಾರಿಯವರೆಗೆ ಸರಿಯಾಗಿಯೇ ನಡೆಸಿದ್ದಾಳೆ. 1:200 ಎಂದರೆ ನಕ್ಷೆಯ 1 ಸೆಂ.ಮೀ. ನೆಲದ ಮೇಲೆ 200 ಸೆಂ.ಮೀ., ಅಂದರೆ 2 ಮೀಟರ್ ಎಂಬುದನ್ನು ಅವಳು ಗುರುತಿಸಿದ್ದಾಳೆ. ಇಲ್ಲದಿದ್ದರೆ 12 ಎಂಬ ಸಂಖ್ಯೆ ಬರುತ್ತಲೇ ಇರಲಿಲ್ಲ. ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. ಉದ್ದಕ್ಕೆ ಸಲ್ಲುವ 2 ಎಂಬ ಸಂಖ್ಯೆಯನ್ನು ವಿಸ್ತೀರ್ಣಕ್ಕೂ ಹಚ್ಚಿಬಿಟ್ಟಳು.

ಇದನ್ನು ಬಾಯಿಮಾತಿನಲ್ಲಿ ವಿವರಿಸುವುದಕ್ಕಿಂತ ನೆಲದ ಮೇಲೆ ತೋರಿಸುವುದು ಸುಲಭ. ಪಡಸಾಲೆಯಲ್ಲೋ ಅಂಗಳದಲ್ಲೋ ಸೀಮೆಸುಣ್ಣದಿಂದ 2 ಮೀಟರ್ ಉದ್ದ, 2 ಮೀಟರ್ ಅಗಲದ ಚೌಕವೊಂದನ್ನು ಎಳೆಯಿರಿ. ಗ್ರಾಫ್ ಹಾಳೆಯಿಂದ 1 ಸೆಂ.ಮೀ. ಬದಿಯ ಒಂದು ಚೂರನ್ನು ಕತ್ತರಿಸಿ ಮಗಳ ಅಂಗೈ ಮೇಲಿಡಿ. ಅಂಗೈ ಮೇಲಿರುವುದು 1:200 ನಕ್ಷೆಯ ಒಂದು ಚದರ ಸೆಂಟಿಮೀಟರ್. ನೆಲದ ಮೇಲಿರುವುದು ಅದೇ ಚೂರಿನ ನಿಜ ಗಾತ್ರ. ಈಗ ನೆಲದ ಚೌಕದ ನಡುವೆ ಅಡ್ಡಲಾಗಿ ಒಂದು, ಉದ್ದಕ್ಕೆ ಒಂದು ಗೆರೆ ಎಳೆದರೆ ಒಂದೊಂದು ಮೀಟರ್ ಬದಿಯ ನಾಲ್ಕು ಮನೆಗಳಾಗುತ್ತವೆ. ಅವಳು ಆ ಮನೆಗಳಲ್ಲಿ ಒಂದೊಂದಾಗಿ ಕಾಲಿಟ್ಟು ಎಣಿಸಲಿ. ನಕ್ಷೆಯ ಒಂದು ಚದರ ಸೆಂಟಿಮೀಟರಿನೊಳಗೆ ನಾಲ್ಕು ಚದರ ಮೀಟರ್ ಅಡಗಿದೆ ಎಂಬುದು ಕಾಲಿಗೇ ಗೊತ್ತಾಗುತ್ತದೆ. ಅಂಥ ಚೂರುಗಳು ಆರು ಇದ್ದರೆ 6 × 4 = 24 ಚದರ ಮೀಟರ್. ತರಗತಿಯಲ್ಲಿ ಇದನ್ನು ಒಮ್ಮೆ ಮಾಡಿಸಿದ ಮೇಲೆ ‘ವಿಸ್ತೀರ್ಣಕ್ಕೆ ಸ್ಕೇಲಿನ ವರ್ಗ’ ಎಂಬ ಸೂತ್ರವನ್ನು ನಾನು ಯಾರಿಗೂ ಬಾಯಿಪಾಠ ಮಾಡಿಸಬೇಕಾಗಿ ಬಂದಿಲ್ಲ.

ಗುಣಿಸುವುದೋ ಭಾಗಿಸುವುದೋ ಎಂಬ ಗೊಂದಲಕ್ಕೂ ಮದ್ದು ಇಲ್ಲಿಯೇ ಇದೆ. ಮಕ್ಕಳು ಲೆಕ್ಕ ಓದಿದ ಕೂಡಲೇ 1:200 ಎಂಬ ಅನುಪಾತವನ್ನು ಭಿನ್ನರಾಶಿಯಾಗಿ ಬರೆದು, ಅಡ್ಡ ಗುಣಾಕಾರಕ್ಕೆ ಇಳಿಯುತ್ತಾರೆ. ಯಾವ ಸಂಖ್ಯೆ ಮೇಲೆ, ಯಾವುದು ಕೆಳಗೆ ಎಂಬ ಅನುಮಾನ ಅಲ್ಲಿಂದಲೇ ಶುರುವಾಗುತ್ತದೆ. ಅದರ ಬದಲು ಯಾವುದೇ ಸ್ಕೇಲ್ ಲೆಕ್ಕಕ್ಕೂ ಮೊದಲ ಸಾಲಾಗಿ ‘ನಕ್ಷೆಯಲ್ಲಿ 1 ಸೆಂ.ಮೀ. = ನೆಲದಲ್ಲಿ ಇಷ್ಟು ಮೀಟರ್’ ಎಂದು ಪೂರ್ತಿ ವಾಕ್ಯವನ್ನೇ ಬರೆಯುವ ಅಭ್ಯಾಸವಾಗಲಿ. ನಕ್ಷೆಯಿಂದ ನೆಲಕ್ಕೆ ಬರುವಾಗ ಆ ಸಂಖ್ಯೆಯಿಂದ ಗುಣಿಸುತ್ತೇವೆ. ನೆಲದಿಂದ ನಕ್ಷೆಗೆ ಹೋಗುವಾಗ ಭಾಗಿಸುತ್ತೇವೆ. ಏಕಮಾನ ಬದಲಾಯಿಸುವ ಕೆಲಸವೂ ಆ ಮೊದಲ ಸಾಲಿನಲ್ಲೇ ಮುಗಿದುಹೋಗುವುದರಿಂದ ಮುಂದೆ ಸೊನ್ನೆಗಳನ್ನು ಎಣಿಸುವ ತಾಪತ್ರಯ ಉಳಿಯುವುದಿಲ್ಲ. ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟನ್ನೇ ನೋಡಿ: 50,000 ಸೆಂ.ಮೀ. ಎಂದರೆ 500 ಮೀಟರ್, ಆದ್ದರಿಂದ ನಕ್ಷೆಯ 1 ಸೆಂ.ಮೀ. ನೆಲದ ಮೇಲೆ ಅರ್ಧ ಕಿಲೋಮೀಟರ್. ಎರಡು ಊರುಗಳ ನಡುವೆ 7.4 ಸೆಂ.ಮೀ. ಇದ್ದರೆ ನೇರ ದೂರ 3.7 ಕಿ.ಮೀ. ನೇರ ದೂರ ಎಂದು ಒತ್ತಿ ಹೇಳುತ್ತಿದ್ದೇನೆ. ರಸ್ತೆಯ ದೂರ ಬೇಕಾದರೆ ನಕ್ಷೆಯ ಮೇಲಿನ ರಸ್ತೆಯ ತಿರುವುಗಳ ಗುಂಟ ದಾರವನ್ನು ಹಾಸಿ, ಅದನ್ನು ನೇರಮಾಡಿ ಅಳತೆಪಟ್ಟಿಗೆ ಹಿಡಿಯಬೇಕು.

ಇಲ್ಲಿ ಎಲ್ಲರನ್ನೂ ಒಮ್ಮೆಯಾದರೂ ಎಡವಿಸುವ ಸಂಗತಿಯೊಂದಿದೆ. 1:500ಕ್ಕಿಂತ 1:50,000 ದೊಡ್ಡ ಸ್ಕೇಲ್ ಎಂದು ಮಕ್ಕಳು ಭಾವಿಸುತ್ತಾರೆ, ಏಕೆಂದರೆ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಆದರೆ ಅದೇ ಮನೆ 1:500 ನಕ್ಷೆಯಲ್ಲಿ ಎದ್ದು ಕಾಣುತ್ತದೆ, 1:50,000 ನಕ್ಷೆಯಲ್ಲಿ ಚುಕ್ಕೆಯಷ್ಟೂ ಇರುವುದಿಲ್ಲ. ಆದ್ದರಿಂದ 1:500 ದೊಡ್ಡ ಸ್ಕೇಲ್. ನಿಖರತೆಯೂ ಇದನ್ನೇ ಅವಲಂಬಿಸಿದೆ. ಪೆನ್ಸಿಲ್ ಗೆರೆಯ ದಪ್ಪ ಅರ್ಧ ಮಿ.ಮೀ. ಎಂದುಕೊಂಡರೆ, 1:500 ನಕ್ಷೆಯಲ್ಲಿ ಆ ಗೆರೆ 25 ಸೆಂ.ಮೀ. ನೆಲವನ್ನು ಮುಚ್ಚುತ್ತದೆ, 1:50,000 ನಕ್ಷೆಯಲ್ಲಿ 25 ಮೀಟರನ್ನು. ಹೀಗಿರುವಾಗ ಟೋಪೋಶೀಟಿನಿಂದ ಅಳೆದ ದೂರವನ್ನು 3,712 ಮೀಟರ್ ಎಂದು ಬರೆಯುವುದರಲ್ಲಿ ಅರ್ಥವಿಲ್ಲ. 3.7 ಕಿ.ಮೀ. ಎಂದರೆ ಸಾಕು.

ಕೆಲವು ವರ್ಷಗಳ ಹಿಂದೆ ನಮ್ಮ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಭೂಮಾಪಕರ ಕ್ಷೇತ್ರ ಪುಸ್ತಕದ ಮಾಹಿತಿ ಕೊಟ್ಟು, ‘20 ಮೀ. = 1 ಸೆಂ.ಮೀ. ಪ್ರಮಾಣದಲ್ಲಿ ನಕ್ಷೆ ಬರೆಯಿರಿ’ ಎಂದು ಕೇಳುತ್ತಿದ್ದರು. ಆ ಲೆಕ್ಕ ನನಗೆ ಬಹಳ ಇಷ್ಟ, ಏಕೆಂದರೆ ಅದರಲ್ಲಿ ಮೊದಲ ಸಾಲನ್ನು ಪ್ರಶ್ನೆಯೇ ಬರೆದುಕೊಟ್ಟಿರುತ್ತದೆ. ನಡುಗೆರೆಯ ಮೇಲೆ 40 ಮೀಟರ್ ಸಾಗಿ, ಎಡಕ್ಕೆ 60 ಮೀಟರ್ ಲಂಬ ಎಂದಿದ್ದರೆ, ಕಾಗದದ ಮೇಲೆ 2 ಸೆಂ.ಮೀ. ಸಾಗಿ ಎಡಕ್ಕೆ 3 ಸೆಂ.ಮೀ. ಎಳೆಯಬೇಕು. ಅದರಲ್ಲಿ ಅಂಕ ಕಳೆದುಕೊಳ್ಳುತ್ತಿದ್ದವರು ಹೆಚ್ಚಾಗಿ ಒಂದೊಂದು ಅಳತೆಯನ್ನು ಪರಿವರ್ತಿಸಿ, ಎಳೆದು, ಮತ್ತೆ ಮುಂದಿನದನ್ನು ಪರಿವರ್ತಿಸುತ್ತಿದ್ದವರು. ಎಲ್ಲ ಅಳತೆಗಳನ್ನೂ ಒಂದು ಪಟ್ಟಿಯಲ್ಲಿ ಸೆಂಟಿಮೀಟರಿಗೆ ಇಳಿಸಿಕೊಂಡು, ಆಮೇಲೆ ಪೆನ್ಸಿಲ್ ಕೈಗೆತ್ತಿಕೊಂಡವರು ತಪ್ಪುತ್ತಿದ್ದುದು ಅಪರೂಪ.

ಜಮೀನಿನ ಮಾತು ಬಂದದ್ದರಿಂದ ನಮ್ಮ ರೈತ ಮನೆಗಳಲ್ಲಿ ದಿನವೂ ಕೇಳುವ ಗುಂಟೆಯನ್ನು ಈ ಪಾಠಕ್ಕೆ ತರಲೇಬೇಕು. ಸ್ಕೇಲ್ ಮತ್ತು ವಿಸ್ತೀರ್ಣದ ಸಂಬಂಧವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಅಳತೆ ನನಗೆ ಗೊತ್ತಿಲ್ಲ. ಭೂಮಾಪನದ ಹಳೆಯ ಸರಪಳಿಯ ಉದ್ದ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ: 33 × 33 = 1,089 ಚದರ ಅಡಿ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ, 43,560 ಚದರ ಅಡಿ. ಈಗ ಒಂದು ಮೈಲಿಗೆ ಎಂಟು ಇಂಚು ಎಂಬ ಸ್ಕೇಲಿನ ಗ್ರಾಮ ನಕ್ಷೆಯೊಂದು ನಿಮ್ಮ ಕೈಗೆ ಸಿಕ್ಕಿತೆನ್ನಿ. ಮೈಲಿಗೆ 5,280 ಅಡಿ. ಎಂಟರಿಂದ ಭಾಗಿಸಿದರೆ 1 ಇಂಚಿಗೆ 660 ಅಡಿ, ಅಂದರೆ ಸರಿಯಾಗಿ 20 ಸರಪಳಿ. ಹಾಗಾದರೆ ನಕ್ಷೆಯ ಒಂದು ಚದರ ಇಂಚಿನಲ್ಲಿ 20 × 20 = 400 ಗುಂಟೆ, ಅಂದರೆ 10 ಎಕರೆ. ಆಯತಾಕಾರದ ಒಂದು ಹೊಲ ನಕ್ಷೆಯಲ್ಲಿ 0.4 ಇಂಚು ಉದ್ದ, 0.3 ಇಂಚು ಅಗಲ ಇದ್ದರೆ ನೆಲದ ಮೇಲೆ ಅದು 8 ಸರಪಳಿಗೆ 6 ಸರಪಳಿ, 48 ಗುಂಟೆ, 1 ಎಕರೆ 8 ಗುಂಟೆ. ಅಡಿಯನ್ನೂ ಚದರ ಅಡಿಯನ್ನೂ ಮುಟ್ಟದೆಯೇ ಉತ್ತರ ಸಿಕ್ಕಿತು. ಆ ಸರಪಳಿಯನ್ನೂ ಗುಂಟೆಯನ್ನೂ ಹೀಗೆ ಜೋಡಿಸಿದವರು ಹೊಲದ ನಡುವೆ ನಿಂತು ಬಾಯಿಲೆಕ್ಕ ಮಾಡಬೇಕಾದವರ ಕಷ್ಟವನ್ನು ಅರಿತಿದ್ದರು ಎಂದು ನನಗೆ ಅನ್ನಿಸುತ್ತದೆ.

ನಿಜ ಜೀವನದಲ್ಲಿ ಹಣ ಕಳೆಯಬಲ್ಲ ತಪ್ಪೊಂದನ್ನು ಪಠ್ಯಪುಸ್ತಕದ ಲೆಕ್ಕಗಳು ಹೇಳಿಕೊಡುವುದಿಲ್ಲ. ನಿವೇಶನದ ನಕ್ಷೆಯ ಮೂಲೆಯಲ್ಲಿ 1:1000 ಎಂದು ಮುದ್ರಿಸಿರುತ್ತದೆ. ಅದನ್ನು ಝೆರಾಕ್ಸ್ ಮಾಡಿಸುವಾಗಲೋ, ಮೊಬೈಲಿಗೆ ಬಂದ ಪ್ರತಿಯನ್ನು ಪ್ರಿಂಟ್ ತೆಗೆಯುವಾಗಲೋ ಹಾಳೆಗೆ ಹಿಡಿಸಲೆಂದು ಶೇಕಡಾ 80ಕ್ಕೆ ಕುಗ್ಗಿಸಿದರೆ ಚಿತ್ರವೆಲ್ಲ ಚಿಕ್ಕದಾಗುತ್ತದೆ. ಮೂಲೆಯಲ್ಲಿ ಬರೆದ 1:1000 ಮಾತ್ರ ಹಾಗೆಯೇ ಉಳಿಯುತ್ತದೆ. ಆ ಪ್ರತಿಯ ನಿಜವಾದ ಸ್ಕೇಲ್ ಈಗ 1:1250. ಗೊತ್ತಿಲ್ಲದೆ ಹಳೆಯ ಸ್ಕೇಲಿನಿಂದಲೇ ಅಳೆದವರಿಗೆ 30 × 40 ಅಡಿಯ ನಿವೇಶನ 24 × 32 ಆಗಿ ಕಾಣುತ್ತದೆ. 1,200 ಚದರ ಅಡಿಯ ಜಾಗ ಲೆಕ್ಕದಲ್ಲಿ 768ಕ್ಕೆ ಇಳಿಯುತ್ತದೆ. ಉದ್ದದಲ್ಲಿ ಐದರಲ್ಲೊಂದು ಭಾಗ ಹೋದದ್ದು ವಿಸ್ತೀರ್ಣದಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಭಾಗವನ್ನು ನುಂಗಿತು. ಇದಕ್ಕೆ ಪರಿಹಾರ ನಕ್ಷೆಯ ಕೆಳಗೆ ಎಳೆದಿರುವ ಗೆರೆ ಸ್ಕೇಲ್, ಅಂದರೆ 0, 10, 20 ಮೀಟರ್ ಎಂದು ಗುರುತು ಹಾಕಿದ ಪಟ್ಟಿ. ಚಿತ್ರ ಕುಗ್ಗಿದರೆ ಆ ಪಟ್ಟಿಯೂ ಅಷ್ಟೇ ಕುಗ್ಗುವುದರಿಂದ ಅದು ಯಾವ ಪ್ರತಿಯಲ್ಲೂ ಸುಳ್ಳು ಹೇಳುವುದಿಲ್ಲ. ಪಟ್ಟಿ ಇಲ್ಲದಿದ್ದರೆ, ಗೊತ್ತಿರುವ ಒಂದು ಅಳತೆಯನ್ನು ಹುಡುಕಿ ಅದರಿಂದಲೇ ಸ್ಕೇಲ್ ಕಂಡುಕೊಳ್ಳಬೇಕು. 40 ಅಡಿ ಎಂದು ಬರೆದ ಬದಿ ಕಾಗದದ ಮೇಲೆ ಎಷ್ಟು ಸೆಂಟಿಮೀಟರ್ ಇದೆ ಎಂದು ಅಳೆದರೆ ಸಾಕು.

ಇನ್ನು ಗೋಳಗುಮ್ಮಟಕ್ಕೆ ಬರೋಣ. ಸ್ಕೇಲ್ ಆರಿಸುವಾಗ ಹಲಗೆಯ ಮೇಲೆ ಹಿಡಿಸಬೇಕಾದ ಅತ್ಯಂತ ದೊಡ್ಡ ಅಳತೆಯಿಂದ, ಇಲ್ಲಿ ಕಟ್ಟಡದ ಹೊರಬದಿಯಿಂದ, ಶುರುಮಾಡಬೇಕು. ಗೋಳಗುಮ್ಮಟದ ಹೊರಬದಿ ಸುಮಾರು 47.5 ಮೀಟರ್, ಎತ್ತರ ಸುಮಾರು 51 ಮೀಟರ್, ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಹಲಗೆ 60 ಸೆಂ.ಮೀ. ಇರುವುದರಿಂದ 4,750 ಸೆಂ.ಮೀ.ಯನ್ನು 60ರಿಂದ ಭಾಗಿಸಿದರೆ ಸುಮಾರು 79 ಬರುತ್ತದೆ. ಅಂದರೆ 1:79ಕ್ಕಿಂತ ದೊಡ್ಡ ಸ್ಕೇಲಿನ ಮಾದರಿ ಹಲಗೆಯ ಮೇಲೆ ಹಿಡಿಯುವುದೇ ಇಲ್ಲ. 1:80 ಇಟ್ಟುಕೊಂಡರೆ ಬದಿ 59.4 ಸೆಂ.ಮೀ. ಆಗಿ, ನಾಲ್ಕು ಮೂಲೆಗಳಲ್ಲಿ ಹೊರಚಾಚಿರುವ ಗೋಪುರಗಳಿಗೆ ಜಾಗವಿರುವುದಿಲ್ಲ. ಆದ್ದರಿಂದ 1:100 ಇರಲಿ. ಆಗ ಬದಿ 47.5 ಸೆಂ.ಮೀ., ಗುಮ್ಮಟ 44 ಸೆಂ.ಮೀ., ಎತ್ತರ 51 ಸೆಂ.ಮೀ.; ಸುತ್ತಲೂ ಆರು ಸೆಂಟಿಮೀಟರಿನಷ್ಟು ಅಂಚು ಉಳಿಯುತ್ತದೆ. 1:100ರ ಇನ್ನೊಂದು ಅನುಕೂಲವೆಂದರೆ ಮೀಟರಿನ ಸಂಖ್ಯೆಯೇ ಸೆಂಟಿಮೀಟರಿನ ಸಂಖ್ಯೆಯಾಗುವುದು. ಇದರಿಂದ ಮಗಳ ಲೆಕ್ಕದಲ್ಲಿ ತಪ್ಪುಗಳಿಗೆ ಎಡೆಯೇ ಕಡಿಮೆ.

ಕೆಲಸಕ್ಕೆ ಮುಂಚೆ ಸಂಗ್ರಹಿಸಿದ ಅಳತೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರೀಕ್ಷಿಸುವುದನ್ನೂ ಅವಳಿಗೆ ಕಲಿಸಿ. ಒಳಗಿನ ಸಭಾಂಗಣ 135 ಅಡಿ ಚೌಕ, ಅಂದರೆ ಸುಮಾರು 41.15 ಮೀಟರ್, ಗೋಡೆಯ ದಪ್ಪ ಸುಮಾರು 3 ಮೀಟರ್. ಎರಡೂ ಕಡೆಯ ಗೋಡೆ ಸೇರಿಸಿದರೆ 47.15 ಮೀಟರ್, ಹೊರಬದಿಯ 47.5ಕ್ಕೆ ಇದು ಸಾಕಷ್ಟು ಹತ್ತಿರ. ಹಾಗೆಯೇ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. 44ರಿಂದ ಕಳೆದು ಅರ್ಧ ಮಾಡಿದರೆ ದಪ್ಪ 3 ಮೀಟರ್. ಮಾದರಿಯಲ್ಲಿ ಈ ದಪ್ಪ 3 ಸೆಂ.ಮೀ. ಆಗಬೇಕು. ಮಕ್ಕಳು ತೆಳು ರಟ್ಟಿನಲ್ಲಿ ಗೋಡೆ ನಿಲ್ಲಿಸಿ, ಒಳಗಿನ ಅಳತೆ ಏಕೆ ಹೊಂದಲಿಲ್ಲವೆಂದು ಆಮೇಲೆ ಯೋಚಿಸುತ್ತಾರೆ. ಎರಡು ರಟ್ಟುಗಳ ನಡುವೆ ಥರ್ಮೋಕೋಲ್ ತುಂಡು ಸೇರಿಸಿ 3 ಸೆಂ.ಮೀ. ದಪ್ಪ ತಂದುಕೊಂಡರೆ ಗೋಡೆಗಳ ಭಾರೀತನ ಮಾದರಿಯಲ್ಲೂ ಕಾಣುತ್ತದೆ.

ಗುಮ್ಮಟಕ್ಕೆ ಎಷ್ಟು ಕಾಗದ ಬೇಕು ಎಂಬುದೂ ಒಳ್ಳೆಯ ಲೆಕ್ಕ. ಅದನ್ನು ಅರ್ಧಗೋಳವೆಂದು ಹಿಡಿದರೆ ತ್ರಿಜ್ಯ 22 ಸೆಂ.ಮೀ.; ಹೊರಮೈ 2 × 3.14 × 22 × 22, ಅಂದರೆ ಸುಮಾರು 3,040 ಚದರ ಸೆಂ.ಮೀ. ಅಂಟಿಸುವಾಗ ಒಂದರ ಮೇಲೊಂದು ಬರುವ ಅಂಚಿಗೂ ಕಾಗದ ಬೇಕಾಗುವುದರಿಂದ ಇದಕ್ಕಿಂತ ಹೆಚ್ಚಾಗಿಯೇ ತನ್ನಿ. ನಿಜವಾದ ಗುಮ್ಮಟದ ಹೊರಮೈ ಇದೇ ಲೆಕ್ಕದಲ್ಲಿ ಸುಮಾರು 3,040 ಚದರ ಮೀಟರ್. ಒಂದು ಚದರ ಮೀಟರಿನಲ್ಲಿ 10,000 ಚದರ ಸೆಂ.ಮೀ. ಇರುವುದರಿಂದ ವಿಸ್ತೀರ್ಣ ಹತ್ತು ಸಾವಿರ ಪಟ್ಟು ಹೆಚ್ಚಿತು. ಉದ್ದ ನೂರು ಪಟ್ಟು, ವಿಸ್ತೀರ್ಣ ಹತ್ತು ಸಾವಿರ ಪಟ್ಟು, ಘನಫಲ ಹತ್ತು ಲಕ್ಷ ಪಟ್ಟು.

ಘನಫಲದ ಬೆಳವಣಿಗೆ ಎಷ್ಟು ಬಿರುಸು ಎಂಬುದು ತೂಕದ ಲೆಕ್ಕ ಮಾಡುವವರೆಗೆ ಮನಸ್ಸಿಗೆ ಇಳಿಯುವುದಿಲ್ಲ. ಶ್ರವಣಬೆಳಗೊಳದ ಗೊಮ್ಮಟನ ಎತ್ತರವನ್ನು 57 ಅಡಿ ಎಂದು ಹಿಡಿಯೋಣ, ಇಂಚಿನಲ್ಲಿ 684. ಅದರ ಪಡಿಯಚ್ಚಿನಂಥ 6 ಇಂಚಿನ ಕಲ್ಲಿನ ಮೂರ್ತಿಯ ಸ್ಕೇಲ್ 1:114. ಮೂರ್ತಿಯ ತೂಕ 200 ಗ್ರಾಂ ಎಂದುಕೊಂಡರೆ, ಅದೇ ಕಲ್ಲಿನ, ಅದೇ ಆಕಾರದ ದೊಡ್ಡ ವಿಗ್ರಹದ ತೂಕ ಎಷ್ಟು? ಮಕ್ಕಳು 200ನ್ನು 114ರಿಂದ ಗುಣಿಸಿ ಸುಮಾರು 23 ಕಿಲೋ ಎನ್ನುತ್ತಾರೆ. ಒಂದು ಗೋಧಿ ಚೀಲದಷ್ಟೂ ತೂಗದ ಗೊಮ್ಮಟ ಇರಲು ಸಾಧ್ಯವೇ ಎಂದು ಕೇಳಿದರೆ ತಪ್ಪು ಅವರಿಗೇ ಹೊಳೆಯುತ್ತದೆ. ಉದ್ದ, ಅಗಲ, ದಪ್ಪ ಮೂರೂ 114 ಪಟ್ಟು ಬೆಳೆಯುವುದರಿಂದ 114 × 114 × 114 = 14,81,544 ಪಟ್ಟು; ತೂಕ ಸುಮಾರು 296 ಟನ್. ಇದು ಲೆಕ್ಕದ ಅಭ್ಯಾಸಕ್ಕಾಗಿ ಊಹಿಸಿಕೊಂಡ ತೂಕವೆಂಬುದನ್ನು ಅವಳಿಗೆ ತಿಳಿಸಿ. ಆದರೂ ಉತ್ತರ ನಂಬುವಂತಿದೆಯೇ ಎಂದು ಪ್ರತಿ ಲೆಕ್ಕದ ಕೊನೆಗೂ ಕೇಳಿಕೊಳ್ಳುವುದು ಬಹಳ ದೊಡ್ಡ ಅಭ್ಯಾಸ.

ಕೊಟ್ಟಿರುವ ಮಾದರಿಯೇ ಸ್ಕೇಲಿಗೆ ಸರಿಯಾಗಿದೆಯೇ ಎಂದು ಪರೀಕ್ಷಿಸುವ ಲೆಕ್ಕಗಳೂ ಇವೆ. ಆಟದ ರೈಲುಗಳಲ್ಲಿ ಎಚ್‌ಒ ಎಂಬ ಹೆಸರುವಾಸಿ ಸ್ಕೇಲ್ 1:87. ಅದರ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಇದು 1,435 ಮಿ.ಮೀ. ಅಂತರದ ಹಳಿಗೆ ಸರಿಹೊಂದುತ್ತದೆ. ಆದರೆ ನಮ್ಮ ಬ್ರಾಡ್‌ಗೇಜ್ ಹಳಿಯ ಅಂತರ 1,676 ಮಿ.ಮೀ.; 87ರಿಂದ ಭಾಗಿಸಿದರೆ 19.3 ಮಿ.ಮೀ. ಬೇಕು. ಹಾಗಾಗಿ ಆ ಹಳಿಯ ಮೇಲೆ ಓಡಿಸುವ ಭಾರತೀಯ ರೈಲಿನ ಮಾದರಿಯಲ್ಲಿ ಬೋಗಿ 1:87 ಆಗಿದ್ದರೆ, ಹಳಿ ಸುಮಾರು 1:102 ಆಗಿರುತ್ತದೆ. ಒಂದೇ ಮಾದರಿಯಲ್ಲಿ ಎರಡು ಸ್ಕೇಲ್ ಸೇರಿದರೆ ಅದು ಗಣಿತದ ಅರ್ಥದಲ್ಲಿ ಸಮರೂಪವಲ್ಲ. ನಿಮ್ಮ ಮಗಳ ಮಾದರಿಯಲ್ಲೂ ಬಾಗಿಲನ್ನು ಅಂದಾಜಿನ ಮೇಲೆ ದೊಡ್ಡದಾಗಿ ಕತ್ತರಿಸಿದರೆ ಇದೇ ದೋಷ ಬರುತ್ತದೆ.

ಪ್ರದರ್ಶನಕ್ಕೆ ಬಂದವರು ‘ಈ ಮಾದರಿಯೊಳಗೂ ಪ್ರತಿಧ್ವನಿ ಕೇಳುತ್ತದೆಯೇ?’ ಎಂದು ಖಂಡಿತ ಕೇಳುತ್ತಾರೆ. ಉತ್ತರವನ್ನು ಅವಳು ಸಿದ್ಧಮಾಡಿಕೊಳ್ಳಲಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 38 ಮೀಟರ್ ಒಳವ್ಯಾಸವನ್ನು ದಾಟಲು ಅದಕ್ಕೆ ಸುಮಾರು 0.11 ಸೆಕೆಂಡ್ ಬೇಕು; ಮರಳಿ ಬರಲು ಇನ್ನಷ್ಟು. ಎರಡು ಶಬ್ದಗಳನ್ನು ಬೇರೆ ಬೇರೆಯಾಗಿ ಕೇಳಲು ನಮ್ಮ ಕಿವಿಗೆ ಸುಮಾರು 0.1 ಸೆಕೆಂಡ್ ಅಂತರ ಬೇಕಾಗಿರುವುದರಿಂದ ಅಲ್ಲಿ ಪ್ರತಿಧ್ವನಿ ಸ್ಪಷ್ಟವಾಗಿ ಕೇಳುತ್ತದೆ. ಮಾದರಿಯಲ್ಲಿ ದೂರ ನೂರರಲ್ಲೊಂದು ಭಾಗವಾಯಿತು, ಆದರೆ ಶಬ್ದದ ವೇಗ ಕುಗ್ಗಲಿಲ್ಲ. ಆದ್ದರಿಂದ ಸಮಯವೂ ನೂರರಲ್ಲೊಂದು ಭಾಗವಾಗಿ, ಮಾತು ಮತ್ತು ಅದರ ಮರುದನಿ ಒಂದರೊಳಗೊಂದು ಬೆರೆತುಹೋಗುತ್ತವೆ. ಅಣೆಕಟ್ಟಿನ ಕೋಡಿಯ ಮಾದರಿಯ ಮೇಲೆ ನೀರು ಹರಿಸಿ ಪರೀಕ್ಷಿಸುವ ಎಂಜಿನಿಯರುಗಳೂ ಇಂಥ ಪ್ರಶ್ನೆಯನ್ನೇ ಎದುರಿಸುತ್ತಾರೆ. ಅಲ್ಲಿ ವೇಗದ ಪ್ರಮಾಣ ಉದ್ದದ ಪ್ರಮಾಣದ ವರ್ಗಮೂಲವಾಗಿರುತ್ತದೆ. 1:25 ಮಾದರಿಯಲ್ಲಿ ಅಳೆದ ನೀರಿನ ವೇಗವನ್ನು ಐದರಿಂದ ಗುಣಿಸಿದರೆ ನಿಜವಾದ ವೇಗ ಸಿಗುತ್ತದೆ. ಇದು ಎಂಟನೇ ತರಗತಿಗೆ ಹೆಚ್ಚಾಯಿತು, ಆದರೆ ಕುತೂಹಲವಿರುವ ಹುಡುಗಿಗೆ ಹೇಳಿಟ್ಟರೆ ನಷ್ಟವೇನೂ ಇಲ್ಲ.

ಮಾದರಿಯ ಮುಂದೆ ಇಡುವ ಫಲಕದಲ್ಲಿ ‘ಸ್ಕೇಲ್ 1:100’ ಎಂದು ಬರೆದು, ಅದರ ಕೆಳಗೆ 10 ಸೆಂ.ಮೀ. ಉದ್ದದ ಗೆರೆ ಎಳೆದು ‘10 ಮೀಟರ್’ ಎಂದು ಗುರುತಿಸಲಿ. ಬಾಗಿಲ ಬಳಿ ಒಂದು ಮನುಷ್ಯ ಗೊಂಬೆಯನ್ನೂ ನಿಲ್ಲಿಸಬೇಕು, ಇಲ್ಲದಿದ್ದರೆ ನೋಡುವವರ ಕಣ್ಣಿಗೆ ಕಟ್ಟಡದ ಗಾತ್ರ ಹತ್ತುವುದಿಲ್ಲ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಗೊಂಬೆ ಬೇಡ. ಅದು ಯಾವ ಸ್ಕೇಲಿಗೂ ಹೊಂದುವುದಿಲ್ಲ. ನಿಮ್ಮ ಮಗಳ ಎತ್ತರ 150 ಸೆಂ.ಮೀ. ಇದ್ದರೆ ರಟ್ಟಿನಲ್ಲಿ ಒಂದೂವರೆ ಸೆಂಟಿಮೀಟರ್ ಎತ್ತರದ ಹುಡುಗಿಯನ್ನು ಕತ್ತರಿಸಿ, ತನ್ನದೇ ಅಂಗಿಯ ಬಣ್ಣ ಹಚ್ಚಿ, ಅಲ್ಲಿ ಅಂಟಿಸಲಿ.